ಉಪ್ಪು ಉದುರಿಸುವ ವರ್ನಾ

ಸೂರ್ಯ ಇನ್ನೂ ಜೌಗಿನಾಚೆಯ ಸೈಪ್ರಸ್ ಮರಗಳ ಹಿಂದೆಯೇ ಇದ್ದಾನೆ. ವರ್ನಾ ಮೂಟಾನ್ ಆಗಲೇ ಕ್ಲೋವಿಸ್ ಬ್ರೋ ಅವರ ಮನೆಯ ಅಟ್ಟ ಹತ್ತಿದ್ದಾರೆ. ಅವರ ಕೆಲಸದ ಬಗ್ಗೆ ಬರೆಯಲೆಂದು ಜೊತೆಗೆ ಬಂದ ನನಗೆ, ನಡುಮನೆಯಲ್ಲಿ ನಿಂತು ತಲೆಯೆತ್ತಿದರೆ, ಮಡಚುವ ಏಣಿಯ ತುದಿಯಲ್ಲಿ ಒಂದು ಜೊತೆ ಬೂಟು ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಅದೂ ಇಲ್ಲ. ಮೇಲಿನಿಂದ ತೊಲೆ ತಟ್ಟಿದ ಸದ್ದು, ಒಂದು ಸೀನು, ಒಂದು ಬೈಗುಳ.

"ಹಾರ್ಲನ್! ದೀಪ ಕೊಡು ಅಂದ್ರೆ ಕಾಫಿ ಕುಡೀತಾ ನಿಂತಿದೀಯಾ?"

"ಒಂದೊಂದು ಕೈಗೆ ಒಂದೊಂದು ಕೆಲಸ ಕಣೇ," ಎಂದು ಗಂಡ ಹಾರ್ಲನ್ ದೀಪವನ್ನು ಮೇಲಕ್ಕೆ ಚಾಚುತ್ತಾರೆ. ಇನ್ನೊಂದು ಕೈಯ ಕಾಫಿ ಒಂದು ಹನಿಯೂ ಚೆಲ್ಲುವುದಿಲ್ಲ.

ಲೂಸಿಯಾನದ ಆಗಸ್ಟ್ ಇದು. ಬಿಸಿಲೇರಿದ ಮೇಲೆ ಇಲ್ಲಿನ ಅಟ್ಟಗಳು ಬೆಲ್ಲದ ಕೊಪ್ಪರಿಗೆಗಳು. ಒಳಗೆ ಹೋದವರು ಪಾಕವಾಗಿ ಇಳಿಯುತ್ತಾರೆ. ಅದಕ್ಕೇ ವರ್ನಾ ಅವರ ದಿನ ಕೋಳಿ ಕೂಗುವುದಕ್ಕಿಂತ ಮುಂಚೆ ಶುರುವಾಗಿ, ಊರಿನವರು ಊಟಕ್ಕೆ ಕೂರುವ ಹೊತ್ತಿಗೆ ಮುಗಿಯುತ್ತದೆ. ಬೇಸಗೆಯಲ್ಲಿ ದಿನಕ್ಕೊಂದು ಮನೆ. ಮಾಡುವುದು ಒಂದೇ ಕೆಲಸ: ಇಡೀ ಮನೆಯನ್ನು ತಣಿಸುವ ಯಂತ್ರಕ್ಕೆ ಒಳಗಿನ ಕಾಯಿಲ್ ಆರಿಸುವುದು, ಅದನ್ನು ಸರಿಯಾಗಿ ಕೂರಿಸುವುದು.

ಅಂಗಳದಲ್ಲಿ ಗುಂಯ್ ಎನ್ನುವ ಪೆಟ್ಟಿಗೆಯನ್ನು ಎಲ್ಲರೂ ನೋಡಿರುತ್ತಾರೆ. ಅದರ ಮೇಲೆ ಕಂಪನಿಯ ಹೆಸರಿದೆ, ಅದನ್ನು ಹೊಗಳುವವರಿದ್ದಾರೆ. ಕಾಯಿಲ್ ಕಂಡವರು ಯಾರು? ಅದು ಅಟ್ಟದ ಕತ್ತಲಲ್ಲಿ, ತಗಡಿನ ಗೂಡೊಳಗೆ, ಗುಡಾರದ ಎರಡು ಮಗ್ಗುಲಿನಂತೆ ಒಂದಕ್ಕೊಂದು ಒರಗಿ ಕೂತಿರುತ್ತದೆ. ತಾಮ್ರದ ಕೊಳವೆ, ಅದರ ಸುತ್ತ ತೆಳ್ಳನೆಯ ಅಲ್ಯೂಮಿನಿಯಂ ರೆಕ್ಕೆ. ಕೊಳವೆಯೊಳಗೆ ಗ್ಯಾಸ್ ತಣ್ಣಗೆ ಹರಿಯುತ್ತದೆ, ಮನೆಯ ಗಾಳಿ ಅದರ ಮೈ ಸವರಿಕೊಂಡು ಹೋಗುತ್ತದೆ. ಬೇಸಗೆಯಲ್ಲಿ ತಣ್ಣೀರು ತುಂಬಿದ ತಂಬಿಗೆ ಬೆವರುವುದಿಲ್ಲವೇ? ಹಾಗೆಯೇ ಕಾಯಿಲ್ ಬೆವರುತ್ತದೆ. ಆ ಬೆವರೆಲ್ಲ ಮನೆಯ ಗಾಳಿಯಲ್ಲಿದ್ದ ನೀರು. ಅದು ತಟ್ಟೆಗೆ ಬಿದ್ದು, ಕೊಳವೆ ಹಿಡಿದು ಹೊರಗೆ ಹೋಗಬೇಕು. ಸೆಕೆ ಕಳೆಯುವುದು ಅರ್ಧ ಕೆಲಸ, ತೇವ ಕಳೆಯುವುದು ಇನ್ನರ್ಧ. ಇನ್ನರ್ಧವನ್ನು ಮರೆತ ಮನೆ ಯಾವುದೆಂದು ಹೊಸಿಲು ದಾಟಿದ ಕೂಡಲೇ ಮೂಗು ಹೇಳುತ್ತದೆ. ಈ ಊರಿನಲ್ಲಿ ಅಂಥ ಮನೆಗಳು ಬೇಕಾದಷ್ಟಿವೆ.

ಕ್ಲೋವಿಸ್ ಅವರದೂ ಅಂಥದ್ದೇ ಆಗಿತ್ತು. ಅವರ ಹೆಂಡತಿ ಯೂಲಾ ಕೆಮ್ಮಿ ಕೆಮ್ಮಿ ಕೊನೆಗೆ ಆಸ್ಪತ್ರೆ ಸೇರಿದರು. ಶ್ವಾಸಕೋಶಕ್ಕೆ ಸೋಂಕು. ಇವತ್ತು ಮಧ್ಯಾಹ್ನ ಅವರನ್ನು ಮನೆಗೆ ಕಳಿಸುತ್ತಿದ್ದಾರೆ. ಬೂಷ್ಟು ಹಿಡಿದ ಮನೆಯಲ್ಲಿ ಇಟ್ಟರೆ ಮತ್ತೆ ಇಲ್ಲಿಗೇ ಬರುತ್ತಾರೆ, ಈ ಸಲ ಏಳುತ್ತಾರೋ ಇಲ್ಲವೋ ಹೇಳಲಾರೆವು ಎಂದು ಡಾಕ್ಟರು ಎಚ್ಚರಿಸಿದ್ದಾರೆ. ಕ್ಲೋವಿಸ್ ಗೋಡೆ ತಿಕ್ಕಿ ತೊಳೆದು ಬಣ್ಣ ಬಳಿದಿದ್ದಾರೆ. ಹಳೆಯ ಕಾಯಿಲ್ ತೂತು ಬಿದ್ದು ಗ್ಯಾಸು ಬಹುಪಾಲು ಸೋರಿ ಯಂತ್ರ ಸತ್ತಿದೆ. ಅದನ್ನು ಎಬ್ಬಿಸುವುದು ವರ್ನಾ ಪಾಲಿಗೆ ಬಂದಿದೆ. ಇದು ಬರೀ ಗಿರಾಕಿಯ ಮನೆಯೂ ಅಲ್ಲ. ಯೂಲಾ ವರ್ನಾಗೆ ನನಾನ್ ಆಗಬೇಕು. ಹಸುಗೂಸಿಗೆ ಇಗರ್ಜಿಯಲ್ಲಿ ಹೆಸರಿಡುವಾಗ ತೋಳಲ್ಲಿ ಹಿಡಿದಿದ್ದವರು. ನಮ್ಮ ಕಡೆ ನನಾನ್ ಅಂದರೆ ಎರಡನೇ ತಾಯಿ.

ವರ್ನಾ ಹೋದ ವಾರವೇ ಬಂದು ಅಳತೆ ತೆಗೆದುಕೊಂಡು ಹೋಗಿದ್ದರು. ಅವರ ಅಳತೆ ನೋಡುವಂಥದ್ದು. ಮೊದಲು ಅಂಗಳದ ಯಂತ್ರದ ಮೈಮೇಲಿನ ತಗಡಿನ ಚೀಟಿ ಓದುತ್ತಾರೆ: ತಣಿಸುವ ಶಕ್ತಿ ಎಷ್ಟು ಟನ್ನು, ಯಾವ ಗ್ಯಾಸಿನದು. ಕಾಯಿಲ್ ಅದಕ್ಕೆ ಜೋಡಿಯಾಗಬೇಕು, ಗ್ಯಾಸನ್ನು ಹದವಾಗಿ ಬಿಡುವ ವಾಲ್ವ್ ಸಹ ಹೊಂದಬೇಕು. ಆಮೇಲೆ ಮನೆ ಸುತ್ತುತ್ತಾರೆ. ಪಡುವಣ ಬಿಸಿಲು ಯಾವ ಕಿಟಕಿಗೆ, ಮರದ ನೆರಳು ಎಲ್ಲಿ, ಚಾವಣಿ ಎಷ್ಟೆತ್ತರ. ಅಟ್ಟ ಹತ್ತಿ ಗಾಳಿ ಊದುವ ಪೆಟ್ಟಿಗೆಯ ಬಾಯಿ ಅಳೆಯುತ್ತಾರೆ. ಕಡೆಗೆ ಅಟ್ಟದ ಕಂಡಿಯನ್ನು ತಮ್ಮ ಸೊಂಟದಿಂದಲೇ ಅಳೆಯುತ್ತಾರೆ.

"ನನ್ನ ಸೊಂಟ ತೂರಿದ್ರೆ ಮೂರು ಟನ್ ಕಾಯಿಲ್ ತೂರತ್ತೆ. ಹಾರ್ಲನ್ ಸೊಂಟ ತೂರಿದ್ರೆ ಐದು ಟನ್. ಆದ್ರೆ ಅವನು ತೂರೋ ಕಂಡಿ ಈ ಊರಲ್ಲಿ ಯಾರೂ ಕೊರೆದಿಲ್ಲ."

ನಗಬೇಡಿ. ಕಂಡಿ ಅಳೆಯದೆ ಕಾಯಿಲ್ ಹೊತ್ತು ತಂದು, ಏಣಿಯ ಮೇಲೆ ಸಿಕ್ಕಿಹಾಕಿಕೊಂಡು, ಗರಗಸ ತಗೊಂಡು ಜನರ ಚಾವಣಿ ಕೊಯ್ದ ಗಂಡಸರು ಈ ಊರಿನಲ್ಲಿ ಇದ್ದಾರೆ.

ವರ್ನಾ ಈ ಕಸುಬಿಗೆ ಬಂದದ್ದೂ ಆ ಕಂಡಿಯ ಮೂಲಕವೇ. ಮೊದಲು ಅಟ್ಟ ಹತ್ತುತ್ತಿದ್ದವರು ಹಾರ್ಲನ್, ಕೆಳಗೆ ನಿಂತು ಸಲಕರಣೆ ಕೊಡುತ್ತಿದ್ದವರು ವರ್ನಾ. "ಅವನಮ್ಮ ಮಾಡೋ ಅನ್ನ ಸಾರು ತಿಂದೂ ತಿಂದೂ ಒಂದಿನ ಕಂಡೀಲಿ ಸಿಕ್ಕಿಹಾಕ್ಕೊಂಡ. ಮೇಲೂ ಹೋಗಲ್ಲ, ಕೆಳಗೂ ಬರಲ್ಲ. ಮನೆಯವರು ಅಗ್ನಿಶಾಮಕದವರನ್ನ ಕರೀತೀವಿ ಅಂತಾರೆ. ನಾನು ಅಡುಗೆ ಎಣ್ಣೆ ತಂದು ಸವರಿ ಎಳೆದೆ. ಬಿದ್ದ. ಸೊಂಟ ಉಳುಕಿತು. ಅರ್ಧ ಕೆಲಸ ಮೇಲೇ ಬಿದ್ದಿತ್ತಲ್ಲ, ನಾನು ಹತ್ತಿದೆ."

"ಹತ್ತಿದವಳು ಇವತ್ತಿಗೂ ಇಳಿದಿಲ್ಲ," ಎನ್ನುತ್ತಾರೆ ಹಾರ್ಲನ್. ಈಗ ಅಂಗಳದ ಯಂತ್ರ, ಪಂಪು, ಗ್ಯಾಸಿನ ಒತ್ತಡ ನೋಡುವ ಗಡಿಯಾರಗಳು ಅವರ ಪಾಲು.

ಅಟ್ಟದ ಕೆಲಸ ಹೂವಿನ ಹಾಸಿಗೆಯಲ್ಲ. ಸೆಕೆ ತಡೆಯಲೆಂದು ಹಾಸಿದ ಗಾಜಿನ ಹತ್ತಿ ಚರ್ಮಕ್ಕೆ ಹೊಕ್ಕು ಕಡಿಯುತ್ತದೆ. ತೊಲೆ ತಪ್ಪಿ ಕಾಲಿಟ್ಟರೆ ಚಾವಣಿ ಒಡೆದು ಕಾಲು ಯಾರದೋ ಮಲಗುವ ಕೋಣೆಯಲ್ಲಿ ನೇತಾಡುತ್ತದೆ. ವರ್ನಾಗೆ ಒಮ್ಮೆ ಹಾಗಾಗಿ ಮೊಣಕಾಲು ಇವತ್ತಿಗೂ ಮಳೆಗಾಲ ಬಂದರೆ ನೋಯುತ್ತದೆ. ಕಣಜದ ಗೂಡು, ಹೆಗ್ಗಣ, ಒಂದು ಸಲ ಮರಿ ಹಾಕಿದ ರಕೂನ್. ಇದೆಲ್ಲಕ್ಕಿಂತ ಅವರಿಗೆ ಸಿಟ್ಟು ಬರಿಸುವುದು ಬಾಗಿಲು ತೆಗೆದವರು ಅವರ ತಲೆಯ ಮೇಲಿಂದ ನೋಡಿ "ಮೆಕ್ಯಾನಿಕ್ ಎಲ್ಲಿ?" ಎನ್ನುವುದು. ಆಗ ಹಾರ್ಲನ್ ವ್ಯಾನಿನಿಂದಲೇ ಕೂಗುತ್ತಾರೆ: "ನಿಮ್ಮ ಮುಂದೇನೇ ನಿಂತಿದಾಳೆ, ಸ್ವಲ್ಪ ಕೆಳಗೆ ನೋಡಿ!"

ದೊಡ್ಡ ಚಂಡಮಾರುತ ಬಂದ ವರ್ಷ ಊರಿಗೆಲ್ಲ ನೀಲಿ ತಾಡಪಾಲಿನ ಚಾವಣಿ. ಆಗ ಎಲ್ಲೆಲ್ಲಿಂದಲೋ ಲಾರಿ ಹೊಡೆದುಕೊಂಡು ಬಂದವರು ಜನರ ಅಂಗಳದ ಪೆಟ್ಟಿಗೆಗಳನ್ನಷ್ಟೇ ಬದಲಾಯಿಸಿ, ಅಟ್ಟದ ಹಳೆಯ ಕಾಯಿಲ್ ಹಾಗೇ ಬಿಟ್ಟು ಹೋದರು. ಹೋರಿಗೂ ಮುದಿ ಎತ್ತಿಗೂ ಒಂದೇ ನೊಗ ಕಟ್ಟಿದ ಹಾಗೆ. ಗಾಡಿ ಎಷ್ಟು ದೂರ ಹೋದೀತು? ಕ್ಲೋವಿಸ್ ಮನೆಯಲ್ಲೂ ಆದದ್ದು ಅದೇ. ಆ ಲಾರಿಯವರನ್ನು ಹುಡುಕಿ ಒದೆಯಬೇಕು ಎಂದು ನನಗೆ ಈಗಲೂ ಅನಿಸುತ್ತದೆ. ವರ್ನಾಗೆ ಅನಿಸುವುದಿಲ್ಲ. "ಒದೆಯೋ ಹೊತ್ತಲ್ಲಿ ಇನ್ನೊಂದು ಮನೆ ಆಗತ್ತೆ," ಎನ್ನುತ್ತಾರೆ.

ಇವತ್ತು ಬೆಳಿಗ್ಗೆ ತೊಡಕು ಬಂದದ್ದು ಮಾತ್ರ ಕ್ಲೋವಿಸ್ ಅವರಿಂದಲೇ. ವರ್ನಾ ಅಟ್ಟ ನೋಡಿ ಇಳಿಯುವಷ್ಟರಲ್ಲಿ ಅವರು ಜಗುಲಿಯಲ್ಲಿ ಒಂದು ತಾಡಪಾಲು ಹಿಡಿದು, ಮದುಮಗಳ ಮುಸುಕು ಸರಿಸುವವರಂತೆ ನಿಂತಿದ್ದರು. ಸರಿಸಿದರು. ಒಳಗೆ ಒಂದು ಹೊಚ್ಚ ಹೊಸ ಕಾಯಿಲ್. ವ್ಯಾನಿನಲ್ಲಿ ವರ್ನಾ ತಂದಿದ್ದ ಕಾಯಿಲ್ ಇದರ ಮುಂದೆ ಮರಿಯಂತೆ ಕಾಣುತ್ತಿತ್ತು.

"ಏನಿದು, ಮಿಸ್ಟರ್ ಕ್ಲೋವಿಸ್?"

"ಐದು ಟನ್!" ಎಂದರು ಕ್ಲೋವಿಸ್. "ನಾನೇ ಹೋಗಿ ತಂದೆ. ನಿನ್ನ ಮೂರು ಟನ್ ನಾಯಿಮನೆಗೆ ಹಾಕೋಣ ಶಾ."

ಶಾ ಅಂದರೆ ಮುದ್ದಿನ ಮಾತು, ಚಿನ್ನ ಅಂದ ಹಾಗೆ. ಜಗಳಕ್ಕೆ ಮುಂಚೆ ಇಲ್ಲಿ ಎಲ್ಲರೂ ಅದನ್ನೇ ಹೇಳುವುದು.

ಕ್ಲೋವಿಸ್ ಮಾಡಿದ ತಪ್ಪು ನಮ್ಮ ಊರಿನವರು ಮಾತ್ರ ಮಾಡಬಲ್ಲ ತಪ್ಪು. ಇಲ್ಲಿ ಮನೆಗೆ ಬಂದವರು ಕೂತ ಸ್ವಲ್ಪ ಹೊತ್ತಿಗೆ ತೋಳು ಉಜ್ಜಿಕೊಂಡು "ಒಂದು ಸ್ವೆಟರ್ ಇದ್ರೆ ಕೊಡ್ತೀರಾ?" ಎಂದು ಕೇಳಬೇಕು. ಕೇಳಿದರೆ ಮನೆಯವನ ಎದೆ ಉಬ್ಬುತ್ತದೆ. ಬಂದವರಿಗೆಂದೇ ಬಾಗಿಲ ಹಿಂದಿನ ಗೂಟಕ್ಕೆ ಸ್ವೆಟರ್ ನೇತು ಹಾಕಿದ ಮನೆಗಳಿವೆ. ಹೊರಗೆ ಹೆಂಚು ಕಾದ ಹಾಗೆ ಬಿಸಿಲು, ಒಳಗೆ ಉಣ್ಣೆಯ ಅಂಗಿ! ಹುಚ್ಚಲ್ಲದೆ ಇನ್ನೇನು? ಇವತ್ತು ಯೂಲಾ ಬರುತ್ತಾರೆಂದು ಬಂಧು ಬಳಗವೆಲ್ಲ ಅಡುಗೆ ಹೊತ್ತುಕೊಂಡು ಬರುವವರಿದ್ದಾರೆ. ಅವರೆಲ್ಲ ನಡುಗಬೇಕು ಎಂಬುದು ಕ್ಲೋವಿಸ್ ಆಸೆ.

"ಹೊರಗಿರೋ ಯಂತ್ರ ಮೂರು ಟನ್," ಎಂದರು ವರ್ನಾ. "ಅದು ಕಳಿಸೋ ಗ್ಯಾಸ್ ಇಷ್ಟು ದೊಡ್ಡ ಮೈಗೆ ಎಲ್ಲಿ ಸಾಲತ್ತೆ? ಕಾಯಿಲ್ ಬೇಕಾದಷ್ಟು ತಣ್ಣಗಾಗಲ್ಲ, ಬೇಕಾದಷ್ಟು ಬೆವರಲ್ಲ. ನೀರೆಲ್ಲ ಮನೆ ಒಳಗೇ."

"ಹಾಗಾದ್ರೆ ಹೊರಗಿಂದನ್ನೂ ಐದು ಮಾಡು."

"ಅದು ಇನ್ನೂ ಚೆಂದ. ಈ ಮನೆಗೆ ಐದು ಟನ್ ಬಿಟ್ರೆ ಗಬಕ್ ಅಂತ ತಣ್ಣಗೆ ಮಾಡಿ ಗಬಕ್ ಅಂತ ನಿಂತುಬಿಡತ್ತೆ. ಗಾಳೀಲಿರೋ ನೀರು ಹಿಂಡೋಕೆ ನಿಧಾನವಾಗಿ ಓಡ್ತಾ ಇರಬೇಕು. ನೀವು ಗಂಬೋ ಮಾಡೋಕೆ ಹಿಟ್ಟು ಹುರೀತೀರಲ್ಲ, ಬೇಗ ಆಗ್ಲಿ ಅಂತ ಉರಿ ಜೋರು ಮಾಡ್ತೀರಾ?"

ಕ್ಲೋವಿಸ್ ಗಂಬೋ ಸಾರಿಗೆ ಊರಲ್ಲಿ ಹೆಸರಿದೆ. ಅವರ ಮುಖ ಕೆಂಪಾಯಿತು. "ನನಗೆ ಪಾಠ ಹೇಳ್ಬೇಡ. ರಿಫೈನರೀಲಿ ಪಂಪು ನೋಡಿಕೊಂಡೇ ತಲೆ ಬೆಳ್ಳಗಾಗಿದೆ. ದೊಡ್ಡದು ಕೆಲಸ ಮಾಡಲ್ಲ, ಚಿಕ್ಕದು ಮಾಡತ್ತಂತೆ! ನೀನು ಹಾಕದಿದ್ರೆ ಬಿಡು, ಒಂದು ಫೋನ್ ಮಾಡಿದ್ರೆ ಹಾಕೋನು ಬರ್ತಾನೆ."

ಅದು ನಿಜ. ಬರುವವನು ಬರುತ್ತಾನೆ, ಕೇಳಿದ್ದನ್ನು ಹಾಕುತ್ತಾನೆ, ಹೋಗುತ್ತಾನೆ. ಬೇಸಗೆಯಲ್ಲಿ ಅಂಥವರಿಗೆ ಬರವಿಲ್ಲ. ವರ್ನಾ ಹಾಕಿಬಿಟ್ಟಿದ್ದರೂ ಕೇಳುವವರಿರಲಿಲ್ಲ. ಕಾಯಿಲ್ ತಂದವರು ಮನೆಯವರೇ. ಆದರೆ ವರ್ನಾ ಸಲಕರಣೆಗಳನ್ನು ಚೀಲಕ್ಕೆ ತುಂಬತೊಡಗಿದರು. ಹಾರ್ಲನ್ ವ್ಯಾನಿನ ಬಾಗಿಲು ತೆಗೆದರು. ಹೊತ್ತು ಏರುತ್ತಿತ್ತು.

"ಆಯ್ತು, ಕರೆಸಿ. ಆದ್ರೆ ನನಾನ್‌ಗೆ ನೀವೇ ಹೇಳ್ಬೇಕು. ವರ್ನಾ ಬಂದಿದ್ಲು, ಬೇಡ ಅಂದ್ಲು, ಎದ್ದು ಹೋದ್ಲು ಅಂತ."

ಹೋಗುವ ಮುನ್ನ ಅಡುಗೆಮನೆಗೆ ನಡೆದು ಮೇಜಿನ ಮೇಲಿದ್ದ ಉಪ್ಪಿನ ಡಬ್ಬಿ ತಂದರು. ನಾವೆಲ್ಲ ಬೆಳಿಗ್ಗೆ ಮೊಟ್ಟೆಗೆ ಉಪ್ಪು ಬೇಕೆಂದು ಅದನ್ನು ಕುಟ್ಟಿ ಕುಟ್ಟಿ ಸೋತಿದ್ದೆವು. ಉಪ್ಪು ಕಲ್ಲಾಗಿತ್ತು. ತೇವ ಹೀರಲೆಂದು ಯೂಲಾ ಹಾಕಿದ್ದ ಅಕ್ಕಿಕಾಳುಗಳೂ ಅದರಲ್ಲೇ ಹೂತು ಹೋಗಿದ್ದವು. ವರ್ನಾ ಡಬ್ಬಿಯನ್ನು ಐದು ಟನ್ನಿನ ಕಾಯಿಲ್ ತಲೆಯ ಮೇಲಿಟ್ಟರು.

"ಬಂದೋರು ಸ್ವೆಟರ್ ಕೇಳ್ಬೇಕಾ, ಈ ಉಪ್ಪು ಉದುರಬೇಕಾ? ಎರಡರಲ್ಲಿ ಒಂದು ಹೇಳಿ. ಉಪ್ಪಿಗೆ ಹಿಡಿದ ತೇವಾನೇ ನನಾನ್ ಎದೆಗೂ ಹಿಡಿದಿರೋದು."

ಕ್ಲೋವಿಸ್ ಡಬ್ಬಿ ಕೈಗೆ ತಗೊಂಡರು. ತಲೆಕೆಳಗು ಮಾಡಿದರು. ಅಲ್ಲಾಡಿಸಿದರು. ಒಳಗೆ ಕಿಟಕಿಯ ಪಕ್ಕ ಯೂಲಾ ಅವರ ಕುರ್ಚಿ ಇತ್ತು, ಅದರ ಮೇಲೆ ಅರ್ಧ ಹೆಣೆದ ಯಾವುದೋ ಮಗುವಿನ ಟೋಪಿ. ಅತ್ತ ಒಮ್ಮೆ ನೋಡಿದರು. ಆಮೇಲೆ ತಾಡಪಾಲನ್ನು ಎತ್ತಿ ಮತ್ತೆ ಆ ಕಾಯಿಲ್ ಮೇಲೆ ಹೊದಿಸಿದರು.

"ಅಟ್ಟ ಬಿಸಿಯಾಗ್ತಾ ಇದೆ. ಏನು ನಿಂತಿದೀಯ? ಹತ್ತು."

ಈಗ ವರ್ನಾ ಕೆಲಸ ಮಾಡುವುದನ್ನು ನೋಡಬೇಕು. ಹಾರ್ಲನ್ ಹಳೆಯ ಗ್ಯಾಸಿನಲ್ಲಿ ಉಳಿದದ್ದನ್ನು ಸಿಲಿಂಡರಿಗೆ ಎಳೆದುಕೊಳ್ಳುತ್ತಾರೆ, ಗಾಳಿಗೆ ಬಿಡುವಂತಿಲ್ಲ. ವರ್ನಾ ಹಳೆಯ ಕಾಯಿಲ್ ಕತ್ತರಿಸಿ ಹಗ್ಗ ಕಟ್ಟಿ ಇಳಿಸುತ್ತಾರೆ. ಅದರ ರೆಕ್ಕೆಗಳ ನಡುವೆ ಕಪ್ಪು ಲೋಳೆ. ಕ್ಲೋವಿಸ್ ಮೂಗು ಮುಚ್ಚಿಕೊಳ್ಳುತ್ತಾರೆ. ಇಷ್ಟು ದಿನ ಹೆಂಡತಿ ಉಸಿರಾಡಿದ್ದು ಈ ಲೋಳೆ ಸವರಿ ಬಂದ ಗಾಳಿಯನ್ನು. ಹೊಸ ಕಾಯಿಲ್ ಹಳೆಯ ಕೌದಿಯೊಂದರಲ್ಲಿ ಸುತ್ತಿಕೊಂಡು ಮೇಲೆ ಹೋಗುತ್ತದೆ. ಕಂಡಿಯಲ್ಲಿ ಅದು ತೂರುವಾಗ ಎರಡು ಕಡೆಯೂ ಬೆರಳು ಹೋಗುವಷ್ಟು ಜಾಗ. "ನನ್ನ ಸೊಂಟ ಸುಳ್ಳು ಹೇಳಲ್ಲ," ಮೇಲಿನಿಂದ ದನಿ ಬರುತ್ತದೆ.

ರಸಮಟ್ಟ ಇಟ್ಟು ಕೂರಿಸುತ್ತಾರೆ. ಪೂರಾ ಸಮ ಇದ್ದರೆ ಅವರಿಗೆ ಆಗುವುದಿಲ್ಲ. ಗುಳ್ಳೆ ಒಂದು ಕೂದಲೆಳೆ ಸರಿಯಬೇಕು, ನೀರು ಹೊರಗೋಡುವ ಕಡೆಗೆ ವಾಟ ಇರಬೇಕು. ಅಡಿಯಲ್ಲಿ ಇನ್ನೊಂದು ತಟ್ಟೆ, ಅದರಲ್ಲಿ ಒಂದು ತೇಲುವ ಗುಂಡು. ಮೇಲಿನ ತಟ್ಟೆ ಉಕ್ಕಿದರೆ ಗುಂಡು ಎದ್ದು ಯಂತ್ರವನ್ನು ನಿಲ್ಲಿಸುತ್ತದೆ, ಚಾವಣಿ ಉಳಿಯುತ್ತದೆ. ಆಮೇಲೆ ಬೆಸುಗೆ. ವಾಲ್ವಿಗೆ ಒದ್ದೆ ಬಟ್ಟೆ ಸುತ್ತಿ, ಕೊಳವೆಯೊಳಗೆ ನೈಟ್ರೋಜನ್ ಮೆಲ್ಲಗೆ ಹರಿಯಲು ಬಿಟ್ಟು, ಉರಿ ಹಿಡಿಯುತ್ತಾರೆ. ನೈಟ್ರೋಜನ್ ಬಿಡದಿದ್ದರೂ ಬೆಸುಗೆ ಹತ್ತುತ್ತದೆ. ಆದರೆ ಕೊಳವೆಯ ಒಳಮೈ ಮಸಿ ಹಿಡಿದು, ಆ ಮಸಿ ಒಂದು ದಿನ ವಾಲ್ವಿನ ಗಂಟಲು ಕಟ್ಟುತ್ತದೆ. ಬಹಳ ಜನ ನೈಟ್ರೋಜನ್ ಬಿಡುವ ಗೋಜಿಗೇ ಹೋಗುವುದಿಲ್ಲ, ಸಮಯ ಹಾಳು ಎನ್ನುತ್ತಾರೆ.

"ಒಳಗಡೆ ಮಸಿ ಇದೆಯೋ ಇಲ್ವೋ ಯಾರು ನೋಡ್ತಾರೆ?" ಎಂದು ಕೇಳಿದರೆ ವರ್ನಾ ಬೆಂಕಿಯಿಂದ ಕಣ್ಣು ತೆಗೆಯದೆ ಹೇಳುತ್ತಾರೆ, "ಕಾಯಿಲ್ ನೋಡತ್ತೆ."

ಒತ್ತಡ ತುಂಬಿ ಸೋರಿಕೆ ಪರೀಕ್ಷೆ ಆಯಿತು. ಪಂಪು ಓಡಿಸಿ ಕೊಳವೆಯೊಳಗಿನ ಗಾಳಿ, ತೇವ ಎಲ್ಲ ಎಳೆದದ್ದಾಯಿತು. ಒತ್ತಡದ ಗಡಿಯಾರದ ಮುಳ್ಳು ಕದಲಲಿಲ್ಲ, ಎಲ್ಲೂ ಸೋರುತ್ತಿಲ್ಲ. ಹಾರ್ಲನ್ ಗ್ಯಾಸ್ ಬಿಟ್ಟರು. ಉಳಿದದ್ದು ಒಂದೇ, ವರ್ನಾ ಎಂದೂ ತಪ್ಪಿಸದ ಪರೀಕ್ಷೆ: ತಟ್ಟೆಗೆ ಒಂದು ಹೂಜಿ ನೀರು ಸುರಿದು, ಅದು ಹೊರಗಿನ ಗೋಡೆಯ ಕೊಳವೆಯಲ್ಲಿ ಬರುವುದನ್ನು ಕಣ್ಣಾರೆ ನೋಡುವುದು.

"ಬಂತಾ?" ಅಟ್ಟದಿಂದ ಕೂಗು.

"ಇಲ್ಲ," ಅಂಗಳದಿಂದ ಕ್ಲೋವಿಸ್.

"ಈಗ?"

"ಇಲ್ಲ ಕಣೇ! ನಿನ್ನ ಮೂರು ಟನ್‌ಗೆ ಉಚ್ಚೆ ಹೊಯ್ಯೋಕೂ ಬರಲ್ಲ!"

ಬಿಸಿಲು ಆಗಲೇ ಚಾವಣಿಯ ಮೇಲೆ ಕೂತಿತ್ತು. ಆಸ್ಪತ್ರೆಯಿಂದ ಯೂಲಾ ಹೊರಟರೆಂದು ಫೋನ್ ಬಂತು. ವರ್ನಾ ಬೆವರಿನಲ್ಲಿ ಮಿಂದು ಕಂಡಿಯಲ್ಲಿ ತಲೆ ಇಳಿಬಿಟ್ಟರು, ಮುಖ ಬೀಟ್‌ರೂಟಿನಂತೆ. "ಮೇಲೆ ಎಲ್ಲ ಸರಿ ಇದೆ. ಹಳೇ ಕೊಳವೇಲಿ ಏನೋ ಕೂತಿದೆ. ನಿಮ್ಮ ದೋಣಿಯಿಂದ ನೀರು ಹೀರೋ ಮೆಷಿನ್ ತನ್ನಿ, ಹೊರಗಿಂದ ಎಳೀರಿ."

ಕ್ಲೋವಿಸ್ ಗೊಣಗುತ್ತಲೇ ತಂದರು, ಕೊಳವೆಯ ಬಾಯಿಗೆ ಹಿಡಿದು ಸುತ್ತ ಬಟ್ಟೆ ಒತ್ತಿದರು. ಯಂತ್ರ ಒದ್ದಾಡಿತು, ಕೆಮ್ಮಿತು, ಆಮೇಲೆ ಗಳಕ್ ಎಂದಿತು. ಮುಚ್ಚಳ ತೆಗೆದು ಬಗ್ಗಿ ನೋಡಿದ್ದೇ ತಡ, ಲೋಳೆ ಮೆತ್ತಿಕೊಂಡ ಒಂದು ಹಸಿರು ಮರಗಪ್ಪೆ ಜಿಗಿದು ಅವರ ಅಂಗಿಯ ಎದೆಗೆ ಅಂಟಿ ಕೂತಿತು.

"ನೋಡಿ, ನಿಮ್ಮ ಮನೇಲಿ ಎಷ್ಟು ತೇವ ಅಂದ್ರೆ ಕಪ್ಪೆ ಬಾಡಿಗೆಗೆ ಬಂದಿದೆ," ಎಂದರು ಹಾರ್ಲನ್. ಕ್ಲೋವಿಸ್ ಕಪ್ಪೆಯನ್ನು ಮೆಲ್ಲಗೆ ಬಿಡಿಸಿ ಪುದೀನ ಮಡಿಯಲ್ಲಿ ಬಿಟ್ಟರು. ಅವರ ಬೆನ್ನ ಹಿಂದೆ ಕೊಳವೆಯ ಬಾಯಿಂದ ನೀರು ಧಾರೆಯಾಗಿ ಬಿತ್ತು.

ವರ್ನಾ ಇಳಿದು ಬಂದು ಜಗುಲಿಯ ಮೆಟ್ಟಿಲಲ್ಲಿ ಕೂತು ಬೂಟು ಕಳಚಿದರು. ಹೂಜಿಯ ನೀರು ಹರಿದು ಮುಗಿಯಿತು, ಕೊಳವೆ ಒಣಗಿತು. ಎಲ್ಲರೂ ಅದರ ಬಾಯನ್ನೇ ನೋಡುತ್ತಾ ಕಾದರು. ಆಮೇಲೆ ಒಂದು ಹನಿ. ಇನ್ನೊಂದು. ಇದು ಸುರಿದ ನೀರಲ್ಲ, ಕಾಯಿಲ್ ಬೆವರತೊಡಗಿತ್ತು. "ಹಾಂ," ಎಂದರು ವರ್ನಾ. ಅಷ್ಟೇ.

ಯೂಲಾ ಬಂದರು. ಬಳಗವೂ ಬಂತು, ಅನ್ನ ಗಂಬೋ ಆಲೂಗಡ್ಡೆ ಪಲ್ಯದ ಪಾತ್ರೆಗಳೂ ಬಂದವು. ಯಾರೂ ಸ್ವೆಟರ್ ಕೇಳಲಿಲ್ಲ. ಕ್ಲೋವಿಸ್ ತಂಗಿ ಚುಚ್ಚಿಯೇ ಬಿಟ್ಟರು: "ಏನಣ್ಣ, ಬೇಕಾಗತ್ತೆ ಅಂತ ಸ್ವೆಟರ್ ಹೊತ್ಕೊಂಡು ಬಂದೆ. ಬ್ಯಾಗಲ್ಲೇ ಇದೆ!" ಕ್ಲೋವಿಸ್ ಕಣ್ಣು ವರ್ನಾ ಕಡೆ ಹೊರಳಿತು. ವರ್ನಾ ತಟ್ಟೆಯಿಂದ ತಲೆ ಎತ್ತಲಿಲ್ಲ.

ವರ್ನಾ ಅವರ ಆಸೆ ಏನೆಂದು ಕೇಳಿದ್ದೆ. ದೊಡ್ಡದೇನಿಲ್ಲ. "ಮನೆ ಕಟ್ಟೋರು ಅಟ್ಟದ ಕಂಡಿ ಒಂಚೂರು ಅಗಲ ಮಾಡ್ಲಿ. ಕಾಯಿಲ್ ಹತ್ರ ಕೂರೋಕೆ ಒಂದು ಹಲಗೆ ಹೊಡೀಲಿ. ನನಗೂ ವಯಸ್ಸಾಗ್ತಾ ಬಂತು." ಕಟ್ಟುವವರು ಇದನ್ನು ಓದಿದರೆ ಒಳ್ಳೆಯದು. ಅವರು ಅಟ್ಟ ಹತ್ತುವವರಲ್ಲ, ಓದುತ್ತಾರೆಂದು ನನಗೆ ನಂಬಿಕೆಯೂ ಇಲ್ಲ.

ಮುಂದಿನ ಭಾನುವಾರ ನಾನು ಇಗರ್ಜಿಯ ಬಲಿಪೂಜೆ ಮುಗಿಸಿಕೊಂಡು ಮತ್ತೆ ಆ ಮನೆಗೆ ಹೋದಾಗ ವರ್ನಾ, ಹಾರ್ಲನ್ ಇಬ್ಬರೂ ಅಲ್ಲೇ ತಿಂಡಿಗೆ ಕೂತಿದ್ದಾರೆ. ಗೋಡೆಯಾಚೆ ಪುದೀನ ಮಡಿಗೆ ಹನಿ ಬೀಳುತ್ತಲೇ ಇದೆ. ಯೂಲಾ ತಮ್ಮ ಕುರ್ಚಿಯಲ್ಲಿದ್ದಾರೆ. ಟೋಪಿ ಹೆಣೆದು ಮುಗಿದಿದೆ, ಮಾತಾಡುವಾಗ ಕೆಮ್ಮು ನಡುವೆ ಬರುವುದು ಕಡಿಮೆಯಾಗಿದೆ. ಕ್ಲೋವಿಸ್ ಮೊಟ್ಟೆ ಹುರಿದು ಅವರ ಮುಂದಿಡುತ್ತಾರೆ. ಯೂಲಾ ಉಪ್ಪಿನ ಡಬ್ಬಿ ಎತ್ತಿ, ರೂಢಿಯಂತೆ ತಲೆಕೆಳಗು ಮಾಡಿ, ಅಂಗೈಯಿಂದ ಬುಡಕ್ಕೆ ಒಂದು ಬಲವಾದ ಏಟು ಕೊಡುತ್ತಾರೆ.

ಉಪ್ಪು ಬುಳಕ್ಕನೆ ಸುರಿಯುತ್ತದೆ.

"ಅಯ್ಯೋ ದೇವರೇ! ವರ್ನಾ, ಏನು ಮಾಡಿಟ್ಟಿದೀಯೇ ನೋಡು! ನನ್ನ ಮೊಟ್ಟೆ ಹಾಳಾಯ್ತು!"

ಕ್ಲೋವಿಸ್ ಬೇರೆ ಮೊಟ್ಟೆ ತರಲು ಏಳುತ್ತಾರೆ. ಅಷ್ಟರಲ್ಲಿ ವರ್ನಾ ತಮ್ಮ ತಟ್ಟೆಯನ್ನು ನನಾನ್ ಮುಂದಕ್ಕೆ ತಳ್ಳಿ, ಅವರದನ್ನು ಈಚೆಗೆ ಎಳೆದುಕೊಂಡಿರುತ್ತಾರೆ. ಆ ಉಪ್ಪಿನ ಗುಡ್ಡವನ್ನು ಕೆರೆಯುವುದೂ ಇಲ್ಲ. ಒಂದು ತುತ್ತು ಬಾಯಿಗಿಟ್ಟು, ನಿಧಾನವಾಗಿ ಅಗಿದು, ನುಂಗುತ್ತಾರೆ.

"ಸರಿಯಾಗಿದೆ," ಎನ್ನುತ್ತಾರೆ.